ಶಟರಿನ ಮೇಲಿನ ಆನೆ

ಮದುಮಗಳ ಅಂಗೈಯಲ್ಲಿ ಮಾವಿನಕಾಯಿ, ಅದರೊಳಗೆ ನವಿಲು, ನವಿಲಿನ ಗರಿಯಲ್ಲಿ ಮದುಮಗನ ಹೆಸರು, ಇಷ್ಟನ್ನೂ ಬಿಡಿಸಬಲ್ಲ ಸಬೀನಾ ಕಳೆದ ವರ್ಷ ಚಿತ್ರಕಲಾ ಶಿಕ್ಷಕರ ಪರೀಕ್ಷೆಯಲ್ಲಿ ಒಂದು ಮೀನು ಬಿಡಿಸಿ ಫೇಲಾಗಿದ್ದಳು. ಮೀನಿನಲ್ಲಿ ತಪ್ಪಿರಲಿಲ್ಲ, ಪಾಪ. ಹನ್ನೆರಡು ವರ್ಷ ಮೆಹಂದಿ ಹಾಕಿದ ಕೈ, ಅಷ್ಟು ದೊಡ್ಡ ಕರಿಹಲಗೆಯ ನಡುವೆ ಅಂಗೈಯಷ್ಟೇ ಜಾಗ ಹಿಡಿದು ಒಂದೊಂದು ಹುರುಪೆಯನ್ನೂ ತಿದ್ದಿ ತೀಡಿತ್ತು. ಕೊನೆಯ ಬೆಂಚಿನಲ್ಲಿ ಕೂತಿದ್ದ ಪರೀಕ್ಷಕರು ಕನ್ನಡಕ ಒರೆಸಿಕೊಂಡು, "ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದ್ದರು.

ಈ ಸಲ ಪಾಸಾದರೆ ವಾಮಂಜೂರಿನ ಶಾಲೆಯೊಂದರಲ್ಲಿ ಕೆಲಸ ಸಿಗುವುದಿತ್ತು. ಫೇಲಾದರೆ ಅದೂ ಕೈತಪ್ಪುತ್ತಿತ್ತು. ಪರೀಕ್ಷೆ ಸೋಮವಾರ. ಮನೆಯಲ್ಲಿ ಅಷ್ಟು ದೊಡ್ಡ ಹಲಗೆ ಎಲ್ಲಿಂದ ತರುವುದು? ಶುಕ್ರವಾರ ಮಧ್ಯಾಹ್ನ ಅಣ್ಣ ಅಬ್ದುಲ್ಲ ಹಂಪನಕಟ್ಟೆಯ ತನ್ನ ಬಟ್ಟೆ ಅಂಗಡಿಯ ಶಟರೆಳೆದು ಜುಮಾ ನಮಾಝಿಗೆ ಹೋದದ್ದೇ ತಡ, ಸಬೀನಾ ಚಾಕಿನ ಡಬ್ಬಿ ಹಿಡಿದು ಶಟರಿನ ಮುಂದೆ ಹಾಜರಾದಳು.

ಹೇಳಿಕೊಡುತ್ತಿದ್ದವರು ಉರ್ವದ ನೀರಜಾಕ್ಷಿ ಟೀಚರ್. ಕೆಲಸದಿಂದ ನಿವೃತ್ತರಾದರೂ ಅವರ ಗಂಟಲು ನಿವೃತ್ತವಾಗಿರಲಿಲ್ಲ. ರಸ್ತೆಯಾಚೆಯ ಬಸ್‌ಸ್ಟಾಪಿನಲ್ಲಿ ನಿಂತು ಕೂಗಿದರು: "ಆನೆ ಬಿಡಿಸು! ನನಗೆ ಇಲ್ಲಿಗೆ ಕಾಣ್ಬೇಕು!"

ಸಬೀನಾ ಬಿಡಿಸಿದಳು.

"ಎಂತ ಅದು, ಇಲಿಯಾ?"

ಬಸ್ಸಿಗೆ ಕಾದಿದ್ದವರೆಲ್ಲ ನಕ್ಕರು. ಸಬೀನಾಳ ಕಿವಿ ಬಿಸಿಯಾಯಿತು. ಒರೆಸಿ ಮತ್ತೆ ಬಿಡಿಸಿದಳು.

"ಈಗ ಎಮ್ಮೆ ಆಯ್ತು," ಎಂದಿತು ಬಸ್‌ಸ್ಟಾಪಿನಿಂದ ಒಂದು ದನಿ.

"ಮಣಿಗಂಟು ತಿರುಗಿಸುವುದಲ್ಲ ಮಾರಾಯ್ತಿ," ಟೀಚರ್ ತಾಳ್ಮೆಗೆಟ್ಟರು, "ಭುಜ ತಿರುಗಿಸು! ನಡಿ, ನಡಿ!"

ಸಬೀನಾಳಿಗೆ ರೇಗಿತು. ಚಪ್ಪಲಿ ಕಳಚಿಟ್ಟು, ಚಾಕನ್ನು ಶಟರಿಗೆ ಒತ್ತಿ ನಡೆದೇಬಿಟ್ಟಳು. ಶಟರು ಕರಕರ ಎಂದಿತು. ಬೆನ್ನು ಮುಗಿಯಲು ಆರು ಹೆಜ್ಜೆ ಬೇಕಾಯಿತು. ಹೊಟ್ಟೆಗೆ ಬಗ್ಗಿದಳು, ಕಿವಿಗೆ ಹಾರಿದಳು. ಹಾರಿದಾಗ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಯಾರದೋ ಕೈ ಹಿಡಿದು ಕೂರದೆ, ಉಸಿರು ಬಿಗಿಹಿಡಿಯದೆ ಚಿತ್ರ ಬಿಡಿಸುವುದು ಇಷ್ಟು ಖುಷಿಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಸೊಂಡಿಲಿಗೆ ಜಾಗ ಸಾಲದೆ ಪಕ್ಕದ ಖಾಲಿದ್‌ನ ವಾಚಿನಂಗಡಿಯ ಶಟರಿಗೂ ದಾಟಿದಳು.

"ಆನೆ! ಆನೆ!" ಇಡೀ ಬಸ್‌ಸ್ಟಾಪೇ ಕೂಗಿತು. ಬಸ್ಸು ಬಂದರೂ ಯಾರೂ ಹತ್ತಲಿಲ್ಲ. ಕಂಡಕ್ಟರ್ ಕೂಡ ಇಳಿದು ನೋಡಿದ.

ಅಷ್ಟರಲ್ಲಿ ನಮಾಝ್ ಮುಗಿಸಿದ ಅಬ್ದುಲ್ಲ ಬೀಗದ ಕೈ ಹಿಡಿದು ಬಂದ. ಜೊತೆಗೆ ಖಾಲಿದ್. ತನ್ನ ಶಟರಿನ ಮೇಲೆ ಬರೀ ಸೊಂಡಿಲು ನೋಡಿ ಖಾಲಿದ್ ಕಕ್ಕಾಬಿಕ್ಕಿಯಾದ. ಅವನು ಬಗ್ಗಿ ಶಟರೆತ್ತಲು ಕೈ ಹಾಕಿದ್ದೇ ಅಬ್ದುಲ್ಲ ಅವನ ರಟ್ಟೆ ಹಿಡಿದ.

"ಸ್ವಲ್ಪ ನಿಲ್ಲು ಮಾರಾಯ. ಟೀಚರ್ ಇನ್ನೂ ಮುಗಿಸಿಲ್ಲ."

ನೀರಜಾಕ್ಷಿ ಟೀಚರ್ ರಸ್ತೆಯಾಚೆ ಇದ್ದರು. ಟೀಚರ್ ಎಂದಾಗ ಅಣ್ಣ ನೋಡುತ್ತಿದ್ದದ್ದು ಸಬೀನಾಳನ್ನು. ಸೋಮವಾರದ ಭಯ ಅಲ್ಲಿಗೇ ಹೋಯಿತು. ಸಬೀನಾ ಕಣ್ಣೊರೆಸಿಕೊಂಡು, ಮುಖಕ್ಕೆಲ್ಲ ಚಾಕ್ ಬಳಿದುಕೊಂಡು, ಖಾಲಿದ್‌ನ ಶಟರಿನ ಮೇಲೆ ಸೊಂಡಿಲನ್ನು ಇನ್ನೂ ಎರಡು ಹೆಜ್ಜೆ ಉದ್ದ ಮಾಡಿದಳು.