ಎತ್ತಿಕೊಟ್ಟವನ ಗೀಟು

ಒಂದು ಚೆಂಡಿಗೆ ಮುನ್ನೂರಿಪ್ಪತ್ತು ರೂಪಾಯಿ. ಬೆನ್ನಿಗೆ ನಂಬರ್ ಹೊಲಿಸಿದ ಹತ್ತು ಬನಿಯನ್‌ಗೆ ನಾನೂರು. ರೆಫರಿಗೆ ಇನ್ನೂರು. ಒಬ್ಬೊಬ್ಬ ಆಟಗಾರನಿಗೆ ಪಂದ್ಯಕ್ಕೆ ಐವತ್ತು. 1988ರಲ್ಲಿ ಮಡಗಾಂವ್ ಗೂಡ್ಸ್ ಶೆಡ್ಡಿನಲ್ಲಿ ಹಮಾಲನೊಬ್ಬ ಬೆಳಗಿನಿಂದ ಸಂಜೆಯವರೆಗೆ ಸಿಮೆಂಟ್ ಹೊತ್ತರೂ ಮೂವತ್ತೈದರ ಮೇಲೆ ಹುಟ್ಟುತ್ತಿರಲಿಲ್ಲ. ಚೆಂಡು ಆಡಿದರೆ ಐವತ್ತು ಕೊಡುತ್ತಾರೆ ಎಂದಾಗ ನಮ್ಮವರು ಯಾರೂ ನಂಬಲಿಲ್ಲ.

ದುಡ್ಡು ಹಾಕಿದವರು ನಮ್ಮ ಲಾರಿ ಸಾಹುಕಾರರು. ವಾಸ್ಕೋದ ಇನ್ನೊಬ್ಬ ಲಾರಿ ಮಾಲೀಕರಿಗೂ ಇವರಿಗೂ ಏನೋ ಜಿದ್ದು. ಇಬ್ಬರೂ ಕೂಲಿ ಕೊಟ್ಟು ಬಾಸ್ಕೆಟ್‌ಬಾಲ್ ತಂಡ ಕಟ್ಟಿದರು. ನಮ್ಮ ಓಣಿಗಳಲ್ಲಿ ಅದುವರೆಗೆ ಆ ಆಟವನ್ನು ಎಲ್ಲರೂ ಪುಕ್ಕಟೆ ಆಡಿದವರೇ. ಸಾಹುಕಾರರು ಇನ್ನೊಂದು ಮಾತೂ ಕೊಟ್ಟಿದ್ದರು. ಮೊದಲ ಪಂದ್ಯದಲ್ಲಿ ನಮ್ಮ ಕಡೆಯಿಂದ ಯಾರು ಹೆಚ್ಚು ಗಳಿಸುತ್ತಾನೋ ಅವನಿಗೆ ಆಫೀಸಿನ ಗೇಟಿನಲ್ಲಿ ತಿಂಗಳ ಪಗಾರದ ಕೆಲಸ. ಕೂತು ಲಾರಿ ನಂಬರ್ ಬರೆಯುವುದು, ಅಷ್ಟೇ.

ಆ ಕುರ್ಚಿ ಯಾರಿಗೆ ಬೇಕಾಗಿತ್ತು ಎಂಬುದು ಇಡೀ ಶೆಡ್ಡಿಗೆ ಗೊತ್ತಿತ್ತು: ತಂಡಕ್ಕೆ ಸೇರಿದ್ದ ನಮ್ಮ ಹಮಾಲ ಹುಡುಗ ದಾವಲಮಲಿಕನಿಗೆ. ಅವನ ಅಪ್ಪ ಲಾಡಸಾಬ ಇಪ್ಪತ್ತು ವರ್ಷ ಚೀಲ ಹೊತ್ತು, ಬೆನ್ನೆಲುಬು ಜಾರಿ, ನಾಲ್ಕು ವರ್ಷದಿಂದ ಚಾಪೆ ಹಿಡಿದಿದ್ದ. ತಾಯಿ ಖುರ್ಷಿದಾಬೇಗಂ ಶೆಡ್ಡಿನ ಹೊರಗೆ ಮಿರ್ಚಿ ಭಜಿ ಮಾರುತ್ತಿದ್ದಳು. ಮಗ ಏಳನೆಯ ಇಯತ್ತೆ ಓದಿದವನು. ಅಪ್ಪನ ಜಾಗದಲ್ಲಿ ಅವನೇ ಈಗ ಚೀಲಕ್ಕೆ ಬೆನ್ನು ಕೊಡುತ್ತಿದ್ದ. ಇವನ ಬೆನ್ನು ಹೋಗುವುದರೊಳಗೆ ಇವನನ್ನು ಹೇಗಾದರೂ ಅಲ್ಲಿಂದ ಬಿಡಿಸಬೇಕು ಎಂದು ಅವಳು ಸಿಕ್ಕವರ ಮುಂದೆಲ್ಲ ಹೇಳುತ್ತಿದ್ದಳು. ಅವರ ಜೋಪಡಿ ಶಾಲೆಯೊಂದರ ಕಂಪೌಂಡಿಗೆ ಹತ್ತಿಕೊಂಡಿತ್ತು. ಅಲ್ಲಿ ಆಡಿ ಆಡಿ ಅವನು ಚೆಂಡು ಕಲಿತಿದ್ದ. ಅದೇ ಶಾಲೆಯಲ್ಲಿ ಓದಿದ ಕಾಯ್ತಾನ್ ಎಂಬ ಲಾರಿ ಕ್ಲೀನರ್ ಕೂಡ ತಂಡದಲ್ಲಿದ್ದ. ಆರಡಿಯ ಮೇಲೆ ಎರಡು ಇಂಚು.

ಆಟದಲ್ಲಿ ನಮ್ಮ ಕಡೆಯವರು ಗಳಿಸಿದ್ದನ್ನು ಕಾಗದದಲ್ಲಿ ಬರೆಯುವ ಕೆಲಸ ನನಗೆ ಬಂತು. ಶೆಡ್ಡಿನಲ್ಲಿ ಚೀಲಕ್ಕೆ ಗೀಟು ಹಾಕುವವನು ನಾನೇ. ನಾಲ್ಕು ಗೀಟು, ಐದನೆಯದು ಅಡ್ಡ. ಯಮನೂರಪ್ಪ ಹಾಕಿದ ಗೀಟು ಎಂದರೆ ಹಮಾಲರೂ ಒಪ್ಪುತ್ತಿದ್ದರು, ವ್ಯಾಪಾರಿಗಳೂ ಒಪ್ಪುತ್ತಿದ್ದರು. ರೆಫರಿ ನನಗೆ ಹೇಳಿದ್ದು ಇಷ್ಟು: ನಂಬರ್ ನೋಡಿ, ಬುಟ್ಟಿಗೆ ಬಿದ್ದರೆ ಎರಡು, ಎದುರಿನವರ ತಪ್ಪಿಗೆ ನಮ್ಮವನು ನಿಂತು ಎಸೆಯುವ ಚೆಂಡು ಬಿದ್ದರೆ ಒಂದು.

ಅದೇ ಶಾಲೆಯ ಅಂಗಳದಲ್ಲಿ ನಾಲ್ಕು ಗಂಟೆಗೆ ಆಟ ಶುರುವಾಯಿತು. ನಮ್ಮ ಹಮಾಲರ ಟೋಳಿಯವರು ಕಂಪೌಂಡ್ ಗೋಡೆ ಹತ್ತಿ ಕೂತಿದ್ದರು. ಮೊದಲ ಚೆಂಡು ದಾವಲಮಲಿಕನ ಕೈ ಜಾರಿದಾಗ ಅವರಲ್ಲೊಬ್ಬ, ಚಂದಪ್ಪ, ಕೂಗಿದ: "ಲೇ ಮಲಿಕ, ಅದು ಸಿಮೆಂಟ್ ಚೀಲ ಅಲ್ಲೋ, ಬೆನ್ನ ಮ್ಯಾಲೆ ತಗೋಬ್ಯಾಡ." ಆಮೇಲೆ ಅವನ ಕೈ ಜಾರಲಿಲ್ಲ. ಮೂರು ಜನರ ನಡುವೆ ನುಗ್ಗುತ್ತಿದ್ದ. ಎಲ್ಲರೂ ಅವನ ಮೇಲೆ ಬೀಳುವ ಹೊತ್ತಿಗೆ ಚೆಂಡು ಕಾಯ್ತಾನನ ಕೈಯಲ್ಲಿರುತ್ತಿತ್ತು. ಅವನು ಅದನ್ನು ಬುಟ್ಟಿಗೆ ಇಟ್ಟಂತೆ ಹಾಕುತ್ತಿದ್ದ.

ಆಗ ನನ್ನ ಕೈ ತನ್ನ ರೂಢಿಯಂತೆ ನಡೆಯಿತು. ನಮ್ಮಲ್ಲಿ ಚೀಲವನ್ನು ಒಬ್ಬನೇ ಹೊರುವುದಿಲ್ಲ. ಒಬ್ಬ ಎತ್ತಿಕೊಡುತ್ತಾನೆ, ಇನ್ನೊಬ್ಬ ಹೊತ್ತು ನಡೆಯುತ್ತಾನೆ. ಎತ್ತಿಕೊಟ್ಟವನಿಗೂ ಗೀಟು, ಹೊತ್ತವನಿಗೂ ಗೀಟು. ಎತ್ತುವವನನ್ನು ಬಿಟ್ಟು ಬರೆದರೆ ಮರುದಿನ ಟೋಳಿಯೇ ನಿಲ್ಲುವುದಿಲ್ಲ. ಹಾಗೆಯೇ ಬುಟ್ಟಿಗೆ ಹಾಕಿದವನಿಗೆ ಎರಡು ಬರೆದೆ, ಅವನ ಕೈಗೆ ಚೆಂಡು ಕೊಟ್ಟವನಿಗೂ ಎರಡು ಬರೆದೆ. ತಪ್ಪು ಮಾಡುತ್ತಿದ್ದೇನೆ ಎಂಬುದು ತಲೆಗೇ ಬರಲಿಲ್ಲ.

ನಾವು ಗೆದ್ದೆವು: ನಮ್ಮದು ಐವತ್ತೆರಡು, ಅವರದು ನಲವತ್ತೊಂಬತ್ತು. ಸಾಹುಕಾರರು ಕಾಗದ ಕೈಗೆ ತೆಗೆದುಕೊಂಡರು. ದಾವಲಮಲಿಕನ ಎದುರು ಮೂವತ್ತು, ಕಾಯ್ತಾನನ ಎದುರು ಇಪ್ಪತ್ತೆಂಟು. ಎಲ್ಲರ ಮುಂದೆ ಅವರು ದಾವಲಮಲಿಕನ ಹೆಸರು ಕೂಗಿದರು. ಖುರ್ಷಿದಾಬೇಗಂ ಗೋಡೆಯ ಹತ್ತಿರ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ಆಮೇಲೆ ರೆಫರಿ ಕಾಗದದ ಕೆಳಗೆ ಕೂಡಿಸಿ ನೋಡಿದ. ಎಂಬತ್ತೆಂಟು ಬಂತು. ಬೋರ್ಡಿನಲ್ಲಿ ಐವತ್ತೆರಡು.

ಸಾಹುಕಾರರು ನನ್ನನ್ನು ಕರೆದು, ಕೂಡಿಸುವಾಗ ಎಲ್ಲೋ ತಪ್ಪಿದೆಯಾ, ಯಾರು ಮೊದಲು ಯಾರು ಆಮೇಲೆ ಅನ್ನುವುದಾದರೂ ಸರಿ ಇದೆಯಾ ಎಂದು ಕೇಳಿದರು. ದಾರಿ ಅವರೇ ತೆರೆದು ಕೊಟ್ಟಿದ್ದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬರೆದ ಬಗೆಯನ್ನು ಹೇಳಿದೆ. ಕೊಟ್ಟದ್ದನ್ನು ತೆಗೆದರೆ ದಾವಲಮಲಿಕನದು ನಾಲ್ಕೇ ಎಂದೂ ಹೇಳಿದೆ. ಕಾಯ್ತಾನನ ಹನ್ನೊಂದು ಬುಟ್ಟಿಗಳಲ್ಲಿ ಒಂಬತ್ತಕ್ಕೆ ಚೆಂಡು ಕೊಟ್ಟವನು ಇವನೇ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಕೈ ಮುಗಿದು ಕೇಳಿಕೊಂಡೆ. ಸಾಹುಕಾರರು ಕೆಟ್ಟವರಲ್ಲ, ಕಾಗದವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದರು. ಆದರೆ ಗಳಿಸಿದವನಿಗೆ ಎಂದು ಮಾತು ಕೊಟ್ಟಾಗಿದೆ, ಆಟದ ಕಾನೂನೂ ಅದೇ ಎಂದರು. ಕುರ್ಚಿ ಕಾಯ್ತಾನನಿಗೆ ಹೋಯಿತು.

ಖುರ್ಷಿದಾಬೇಗಂ ನನ್ನ ಹತ್ತಿರ ಬಂದಳು.

"ಅಣ್ಣಾ, ನೀವು ಸುಮ್ಮನ ಇದ್ದಿದ್ರ ಆಗ್ತಿದ್ದಿಲ್ಲೇನ್ರಿ?"

"ಆಗ್ತಿತ್ತವ್ವ."

"ಮತ್ತ?"

"ನಾಳಿ ಚೀಲದ ಲೆಕ್ಕ ನನ್ನ ಕೈಯಾಗ ಯಾರು ಕೊಡ್ತಾರ? ಸುಳ್ಳು ಬರಿಯಾವ ಅಂದ್ರ ನಲವತ್ತು ಮಂದಿ ಕೂಲಿ ಮ್ಯಾಲೆ ಸಂಶೆ ಬರತೈತಿ."

ನಾನು ಹೇಳಿದ್ದು ಖರೆಯೇ. ಆದರೆ ಅವಳ ಮುಖ ನೋಡಿ ಅದನ್ನು ಹೇಳಲು ನನಗೆ ಕಷ್ಟವಾಯಿತು. ದಾವಲಮಲಿಕ ಬನಿಯನ್ ಹಿಂಡುತ್ತ ನಿಂತಿದ್ದ.

"ಕಾಕಾ, ಒಟ್ಟು ಎಷ್ಟು ಕೊಟ್ಟೆ ನಾ?"

"ಹದಿಮೂರು."

"ಎಣಿಸಿದ್ದಿಲ್ಲ ನೋಡ್ರಿ," ಎಂದು ನಕ್ಕ. "ಇಷ್ಟು ಅಂತ ಗೊತ್ತಿದ್ರ ಎರಡು ಮೂರು ನಾನೇ ಹಾಕ್ತಿದ್ದೆ." ಆಮೇಲೆ ತಾನೇ ತಲೆಯಾಡಿಸಿದ. "ಹಾಕಿದ್ರ ಸೋಲ್ತಿದ್ವಿ ಬಿಡ್ರಿ."

ಎರಡನೆಯ ಪಂದ್ಯದ ದಿನ ಸಿಮೆಂಟಿನ ವ್ಯಾಗನ್ ಬಂತು, ಟೋಳಿ ದಾವಲಮಲಿಕನನ್ನು ಆಟಕ್ಕೆ ಬಿಡಲಿಲ್ಲ. ಕಾಯ್ತಾನನಿಗೆ ಚೆಂಡು ತಲುಪಿಸುವವರೇ ಇರಲಿಲ್ಲ, ಹತ್ತೊಂಬತ್ತು ಅಂಕಗಳಿಂದ ಸೋತೆವು. ಮಳೆಗಾಲ ಬರುವ ಹೊತ್ತಿಗೆ ಇಬ್ಬರು ಸಾಹುಕಾರರಿಗೂ ಜಿದ್ದು ಇಳಿದು ತಂಡಗಳು ಚದುರಿದವು.

ಕಾಯ್ತಾನ್ ಆ ಗೇಟಿನಲ್ಲೇ ಉಳಿದ, ಒಳ್ಳೆಯ ಕೆಲಸಗಾರನೇ. ನನ್ನ ಗೀಟಿನ ಮೇಲೆ ಮುಂದೆಯೂ ಯಾರೂ ಅನುಮಾನಪಡಲಿಲ್ಲ. ದಾವಲಮಲಿಕ ಇನ್ನೂ ಒಂಬತ್ತು ವರ್ಷ ಸಿಮೆಂಟ್ ಹೊತ್ತ. 1997ರಲ್ಲಿ ಅವನ ಬೆನ್ನೂ ಹೋಯಿತು.