ಜೋಡಿಯಿಲ್ಲದ ಕಂಬಗಳು

ಒಂದಾನೊಂದು ಊರಿನಲ್ಲಿ ಒಬ್ಬ ಸೆಟ್ಟಿ ಇದ್ದನಂತೆ. ಅವನು ಮನೆಯಿಂದ ಹೊರಟರೆ ಮೊದಲು ಅವನ ಹೊಟ್ಟೆ ಅಂಗಡಿ ಮುಟ್ಟುತ್ತಿತ್ತಂತೆ, ಆಮೇಲೆ ಅವನು. ಆ ಸೆಟ್ಟಿ ದೇವರಿಗೆ ಒಂದು ಮಾತು ಕೊಟ್ಟಿದ್ದನಂತೆ. ದೇವರು ಆ ತುದಿಯಲ್ಲಿ ನಿಂತು ಕಾಯುತ್ತಿದ್ದ, ಸೆಟ್ಟಿ ಈ ತುದಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದ.

ಅಜ್ಜಿಯರ ಬಾಯಲ್ಲಾದರೆ ಇದು ಹೀಗೆ ಶುರುವಾಗುತ್ತಿತ್ತು. ಆದರೆ ಆ ಊರಿಗೆ ಹೆಸರುಂಟು, ಮೂಡುಬಿದಿರೆ. ಸೆಟ್ಟಿಗೂ ಹೆಸರುಂಟು, ಹೇಮರಾಜ. ನಮ್ಮ ಜಿಲ್ಲೆ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ಮಾರನೆಯ ವರ್ಷದ ಮಾತು. ಪೇಟೆಯಲ್ಲಿ ಅವರದು ಜವಳಿ ಅಂಗಡಿ. ಒಬ್ಬಳೇ ಮಗಳು ಪುಷ್ಪಾವತಿ.

ಪುಷ್ಪಾವತಿ ಚಿಕ್ಕವಳಿದ್ದಾಗ ವಿಷಮಶೀತ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದಳು. ಆಗ ಸೆಟ್ಟರು ಕೈಮುಗಿದು ಹೇಳಿಕೊಂಡಿದ್ದರು: "ಇವಳು ಎದ್ದು ಕೂತರೆ ನಮ್ಮ ಹಿತ್ತಿಲಿನ ತೆಂಗಿನ ಎಳೆ ಬೊಂಡ ಹೊತ್ತು ವೇಣೂರಿಗೆ ನಡೆದೇ ಬರುತ್ತೇನೆ. ಅದರ ನೀರನ್ನು ಗೊಮ್ಮಟಸ್ವಾಮಿಯ ಪಾದಕ್ಕೆ ಎರೆಯುತ್ತೇನೆ." ಹುಡುಗಿ ಎದ್ದು ಕೂತಳು, ಲಂಗ ಬಿಟ್ಟು ಸೀರೆ ಉಡುವಷ್ಟು ದೊಡ್ಡವಳಾದಳು. ಬೊಂಡ ಮಾತ್ರ ಹೋಗಲಿಲ್ಲ. ಒಮ್ಮೆ ಹೊರಟದ್ದುಂಟು. ಪಕ್ಕದ ಅಲಂಗಾರು ದಾಟುವಷ್ಟರಲ್ಲಿ ಎದೆ ಡವಗುಟ್ಟಿ, ಮರದ ಬುಡದಲ್ಲಿ ಕೂತು, ಬಾಯಾರಿಕೆ ತಾಳದೆ ದೇವರ ಬೊಂಡವನ್ನು ತಾವೇ ಕುಡಿದು ಬಸ್ಸು ಹತ್ತಿ ಬಂದಿದ್ದರು. ಅಂದಿನಿಂದ ವೇಣೂರಿನ ದಾರಿ ಕಂಡರೆ ಅವರ ಮುಖ ಬೇರೆ ಕಡೆ ತಿರುಗುತ್ತಿತ್ತು.

ಆ ವರ್ಷ ಅಂಗಡಿಯಲ್ಲೇ ತಲೆಸುತ್ತಿ ಬಿದ್ದರು. ಬಂಟ್ವಾಳದ ಡಾಕ್ಟರು ಮೂತ್ರ ಪರೀಕ್ಷಿಸಿ, ಎದೆಗೆ ಕೊಳವೆ ಇಟ್ಟು ನೋಡಿ, "ಮೂತ್ರದಲ್ಲಿ ಸಕ್ಕರೆ ಉಂಟು, ಎದೆಗೆ ಸುಸ್ತು ಉಂಟು. ಹೀಗೇ ಆದರೆ ಮಗಳ ಮದುವೆಗೆ ನೀವು ಫೋಟೋದಲ್ಲಿ ಬರಬೇಕಾದೀತು ಸೆಟ್ರೇ. ನಡೆಯಿರಿ. ರಾತ್ರಿಯ ಊಟ ಕಡಿಮೆ ಮಾಡಿ" ಎಂದರು.

"ರಾತ್ರಿಯ ಊಟವಾ?" ಸೆಟ್ಟರಿಗೆ ನಗು ಬಂತು. "ನಾವು ಜೈನರು ಡಾಕ್ಟ್ರೇ. ಹುಟ್ಟಿದಂದಿನಿಂದ ಕತ್ತಲಾದ ಮೇಲೆ ಒಂದು ಅಗುಳು ಮುಟ್ಟಿದವನಲ್ಲ ನಾನು."

ಡಾಕ್ಟರು ಆ ಹೊಟ್ಟೆಯನ್ನು ನೋಡಿದರು, ಸೆಟ್ಟರನ್ನು ನೋಡಿದರು, ಔಷಧಿಯ ಚೀಟಿ ಬರೆಯತೊಡಗಿದರು.

ಗುಟ್ಟು ಮನೆಯವರಿಗೆ ಗೊತ್ತಿತ್ತು. ಕತ್ತಲಾದರೆ ಬಾಯಿಗೆ ಬೀಗ ಎಂಬ ಹೆದರಿಕೆಗೆ ಸೆಟ್ಟರು ಹೊತ್ತು ಮುಳುಗುವ ಮೊದಲು ಎರಡು ಊಟ ಒಟ್ಟಿಗೆ ಮುಗಿಸುತ್ತಿದ್ದರು. ಕುಚ್ಚಲಕ್ಕಿ ಅನ್ನದ ಗುಡ್ಡೆ, ಅದರ ಮೇಲೆ ತುಪ್ಪ, ಕೊನೆಗೆ ಬೆಲ್ಲದ ಪಾಯಸ. ಸೂರ್ಯ ಗುಡ್ಡದ ಹಿಂದೆ ಜಾರುವ ತನಕ ಹೆಂಡತಿ ಪ್ರಭಾವತಿ ಸೌಟು ಕೆಳಗಿಡುವ ಹಾಗಿಲ್ಲ. ಆಮೇಲೆ ಚಾವಡಿಯಲ್ಲಿ ಉರುಳುವುದು. ಕೇಳಿದರೆ, "ಇರುಳು ಉದ್ದ ಉಂಟು ಮಾರಾಯ್ತಿ."

"ಇರುಳು ಉದ್ದ ಉಂಟು ನಿಜ ಅಪ್ಪಾ. ಆದರೆ ಇರುಳಿಡೀ ಗೊರಕೆ ಹೊಡೆಯುವುದು ಬಿಟ್ಟರೆ ನಿಮಗೆ ಗದ್ದೆ ಹೂಡಲಿಕ್ಕೇನೂ ಇಲ್ಲವಲ್ಲ?" ಎಂದಳು ಪುಷ್ಪಾವತಿ.

"ಡಾಕ್ಟ್ರೊಬ್ಬ ಬಂಟ್ವಾಳದಲ್ಲಿ, ಇನ್ನೊಬ್ಬಳು ಮನೆಯಲ್ಲಿ!"

ಅವಳು ಮಾತು ಬದಲಿಸಿದಳು. "ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಹೌದಾ ಅಪ್ಪಾ?"

"ಅದೆಲ್ಲ ಅಜ್ಜಿಕತೆ. ಸೀರೆ ನೋಡಿ ನೋಡಿ ನನ್ನ ತಲೆ ಹಣ್ಣಾಗಿದೆ. ಎಷ್ಟು ಚಂದದ ಸೆರಗಾದರೂ ನಾಲ್ಕು ಮೊಳ ಹೋದರೆ ಅದೇ ಬಳ್ಳಿ ಹಿಂದೆ ಬಂದೇ ಬರುತ್ತದೆ. ಕಲ್ಲು ಕೆತ್ತಿದವನಿಗೆ ಮಾತ್ರ ಬೇಜಾರು ಬರುವುದಿಲ್ಲವಾ?"

"ಹಾಗಾದರೆ ಒಂದು ಜೋಡಿ ತೋರಿಸಿ. ತೋರಿಸಿದರೆ ನಿಮ್ಮ ಊಟದ ವಿಷಯ ಇನ್ನು ಬಾಯಿ ಬಿಡುವುದಿಲ್ಲ."

ಇಂಥ ಬಾಜಿಯನ್ನು ಯಾರು ಬಿಟ್ಟಾರು? ಮರುದಿನ ಸಂಜೆಯ ಊಟ ಮುಗಿಸಿ ಸೆಟ್ಟರು ಬಸದಿಗೆ ನಡೆದರು. ಕೂಗಿದರೆ ಕೇಳುವಷ್ಟು ದೂರ, ಆದರೂ ನಡುವೆ ಒಮ್ಮೆ ನಿಂತರು. ಹುಟ್ಟಿದಂದಿನಿಂದ ಬೆಳಿಗ್ಗೆ ಬಂದು, ಸ್ವಾಮಿಗೆ ಕೈಮುಗಿದು, ಬಂದ ದಾರಿಯಲ್ಲೇ ಹೋದವರು ಅವರು. ಕಂಬ ಎಂದರೆ ಒರಗಲಿಕ್ಕೆ ಇರುವ ಕಲ್ಲು, ಅಷ್ಟೇ. ಈಗ ಒಂದರ ಮುಂದೆ ನಿಂತರು. ಬುಡದ ಕೆತ್ತನೆ ನೋಡಲು ಬಗ್ಗಿದರೆ ಹೊಟ್ಟೆ ಬಿಡಲಿಲ್ಲ. ತೇಗು ಬಂತು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಬೆಳಕೇ ಹೋಯಿತು.

ಮರುದಿನ ಅಂಗಡಿಯಿಂದ ಬಂದವರೇ, "ಬೇಗ ಬಡಿಸು" ಎಂದರು.

"ಅಷ್ಟು ಹಸಿವೆಯಾ?" ಪ್ರಭಾವತಿ ಗಾಬರಿಯಾದರು.

"ಹಸಿವೆಯಲ್ಲ ಮಾರಾಯ್ತಿ, ಬೆಳಕು! ಪಾಯಸಕ್ಕೆ ಕೂತರೆ ಬೆಳಕು ಹೋಗ್ತದೆ."

ಹೀಗೆ ಮೊದಲು ಪಾಯಸ ಹೋಯಿತು. ಹೊಟ್ಟೆ ಭಾರವಾದರೆ ಬಗ್ಗಲಾಗುವುದಿಲ್ಲವೆಂದು ಅನ್ನದ ಗುಡ್ಡೆ ಇಳಿಯಿತು. ಯಾರೂ ಅವರಿಗೆ ಅದನ್ನು ಬಿಡು ಎನ್ನಲಿಲ್ಲ, ಇದನ್ನು ಬಿಡು ಎನ್ನಲಿಲ್ಲ. ಅವರ ಗಮನ ಕಲ್ಲಿನ ಮೇಲಿತ್ತು. ಒಂದು ಕಂಬದಲ್ಲಿ ಮಲ್ಲಿಗೆ ಮೊಗ್ಗಿನ ಸರ, ಪಕ್ಕದ್ದರಲ್ಲೂ ಮೊಗ್ಗು. ಸಿಕ್ಕಿತು ಎಂದು ಬೆರಳಾಡಿಸಿದರೆ ಇಲ್ಲಿನ ಮೊಗ್ಗು ತುಸು ಬಿರಿದಿದೆ. ಇನ್ನೊಂದೆಡೆ ಆನೆ. ಹತ್ತಿರ ಹೋದರೆ ಅದು ಆನೆಯಲ್ಲ, ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆಯಾದ ಹೆಂಗಸರು! ಸೆಟ್ಟರ ಮೈ ಜುಮ್ಮೆಂದಿತು. ಐನೂರು ವರ್ಷದ ಹಿಂದೆ ಯಾವನೋ ಒಬ್ಬ, ನೆರಳಿನ ಮೂಲೆಯಲ್ಲಿ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ನಿನ್ನೆ ಮಾಡಿದ್ದನ್ನು ಇಂದು ಮಾಡದೆ ಕೂತಿದ್ದ. ಅವರು ಪ್ರದಕ್ಷಿಣೆಗೆ ಪ್ರದಕ್ಷಿಣೆ ಹಾಕಿದರು, ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ. ಕಾಲು ನೋಯುತ್ತಿದೆ ಎಂಬುದು ಮನೆಗೆ ಬಂದ ಮೇಲೆಯೇ ನೆನಪಾಗುತ್ತಿತ್ತು.

ಅಂಗಡಿಯ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅಬ್ದುಲ್ ಸಲಾಂ ಒಂದು ದಿನ ತಲೆಯೆತ್ತಿ ನೋಡಿದ. "ಸೆಟ್ರೇ, ಈ ಅಂಗಿ ಯಾರದ್ದು? ನಿಮ್ಮದಾ, ನಿಮ್ಮ ಅಣ್ಣನದ್ದಾ?"

"ನಿನ್ನ ಹೊಲಿಗೆಯೇ ಸಡಿಲ."

"ಹೊಲಿಗೆ ಸರಿ ಉಂಟು. ಒಳಗಿನವರು ಎಲ್ಲಿಗೋ ಹೋಗಿದ್ದಾರೆ!"

ಆದರೆ ಬೆಳ್ತಂಗಡಿಯಲ್ಲಿ ನೆಂಟರ ಮದುವೆ ಬಂತು. ಹೋಳಿಗೆಯ ಮೇಲೆ ಹೋಳಿಗೆ. "ಇವತ್ತೊಂದು ದಿನ" ಎಂದರು ಸೆಟ್ಟರು. ಆ ಒಂದು ದಿನ ಮಳೆಗಾಲ ಮುಗಿಯುವ ತನಕ ಎಳೆಯಿತು. ಅಂಗಿ ಮತ್ತೆ ಬಿಗಿಯಾಯಿತು, ಅಟ್ಟದ ಮೆಟ್ಟಿಲಲ್ಲಿ ಮತ್ತೆ ಉಸಿರು ಸಿಕ್ಕಿಕೊಂಡಿತು. ಇನ್ನು ಬೊಂಡ ಎರೆದ ಹಾಗೆಯೇ ಎಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದರು.

ಅವರನ್ನು ಎಬ್ಬಿಸಿದ್ದು ಒಂದು ಕಲ್ಲಿನ ಹೂವು. ಅಂಗಡಿಯಲ್ಲಿ ಕೂತು ಸೀರೆ ಬಿಡಿಸುವಾಗ ಫಕ್ಕನೆ ಅನಿಸಿತು, ಸೆರಗಿನ ಈ ಎಂಟೆಸಳಿನ ಹೂವನ್ನು ಬಸದಿಯ ಉತ್ತರದ ಸಾಲಿನಲ್ಲಿ ನೋಡಿದ್ದೇನೆ, ಬಾಗಿಲ ಬಳಿಯೂ ನೋಡಿದ್ದೇನೆ. ಜೋಡಿ! ಗಿರಾಕಿಯನ್ನು ಸಲಾಮನಿಗೆ ಒಪ್ಪಿಸಿ ಎದ್ದೇ ಹೋದರು. ಉತ್ತರದ ಸಾಲಿನದಕ್ಕೆ ಎಂಟೆಸಳು ಹೌದು. ಬಾಗಿಲ ಬಳಿಯದಕ್ಕೂ ಎಂಟೇ, ಆದರೆ ಅದರ ನಡುವೆ ಒಂದು ಪುಟ್ಟ ದುಂಬಿ ಕೂತಿತ್ತು. ಸೆಟ್ಟರು ನಕ್ಕರು. ಅಂದು ಹೊತ್ತಿಗೆ ಮುಂಚೆ ಉಂಡರು, ಮರುದಿನವೂ ಹೋದರು.

ನೋಡುತ್ತ ನೋಡುತ್ತ ಕೊನೆಯ ಕಂಬವೂ ಮುಗಿಯಿತು.

"ಸೋತೆ ಮಗಾ" ಎಂದರು ಮನೆಗೆ ಬಂದು. "ಒಂದಕ್ಕೂ ಜೋಡಿಯಿಲ್ಲ."

ಗೆದ್ದ ಮಗಳಿಗೆಂದು ಮರುದಿನ ಸಂಜೆಯ ಊಟಕ್ಕೆ ಪ್ರಭಾವತಿ ಪಾಯಸ ಮಾಡಿದರು. ಸೆಟ್ಟರು ಒಂದು ಸೌಟು ಹಾಕಿಸಿಕೊಂಡು, ನಿಧಾನವಾಗಿ ಉಂಡು, ಸಾಕು ಎಂದರು. ಹೇಳಿದ ಮೇಲೆ ಅವರಿಗೇ ಬೆರಗಾಯಿತು: ಹೊಟ್ಟೆಯೂ ಸಾಕು ಎಂದೇ ಹೇಳುತ್ತಿತ್ತು. ಇಷ್ಟು ವರ್ಷ ಅದರ ಮಾತು ಕೇಳಿಸಿಯೇ ಇರಲಿಲ್ಲ.

"ನಾಳೆ ಬೊಂಡ ತೆಗೆಸು" ಎಂದರು ಹೆಂಡತಿಗೆ.

ಸೂರ್ಯ ಮೂಡಿದ ಮೇಲೆ ಗಂಜಿ ಕುಡಿದು, ಹೆಗಲಿಗೆ ಬೊಂಡದ ಗೊನೆ ಏರಿಸಿ ಹೊರಟರು. ಜೊತೆಗೆ ಪುಷ್ಪಾವತಿ. ಸಲಾಂ ಜಗಲಿಯಿಂದ ಕೂಗಿದ: "ಸೆಟ್ರೇ, ಹಿಂದಿನಿಂದ ಬಸ್ಸು ಬರ್ತದೆ, ಕೈ ಮಾತ್ರ ಎತ್ತಬೇಡಿ!"

ಬಸ್ಸು ಬಂತು, ಧೂಳೆಬ್ಬಿಸಿ ಹೋಯಿತು. ಅಲಂಗಾರು ಯಾವಾಗ ದಾಟಿತೋ ತಿಳಿಯಲಿಲ್ಲ. ಗುಡ್ಡ ಹತ್ತುವಲ್ಲಿ ಕೂತರು, ಎದ್ದರು. ಮಗಳು ಕೇಳಿದರೂ ಅವಳ ಹೆಗಲಿಗೆ ಗೊನೆ ದಾಟಿಸಲಿಲ್ಲ. ಎದೆ ಬಡಿದುಕೊಳ್ಳುತ್ತಿತ್ತು, ಆದರೆ ಹೆದರಿಸುತ್ತಿರಲಿಲ್ಲ; ಡೋಲು ಬಡಿಯುವವನು ಜೊತೆಯಲ್ಲೇ ನಡೆಯುವ ಹಾಗಿತ್ತು. ಈ ಎದೆ, ಈ ಕಾಲು ತನ್ನದೇ ಹೌದೇ ಎಂದು ಅವರು ಮತ್ತೆ ಮತ್ತೆ ನೋಡಿಕೊಂಡರು.

ವೇಣೂರಿನಲ್ಲಿ ಫಲ್ಗುಣಿ ಹೊಳೆಯ ದಡದಲ್ಲಿ, ಬಯಲ ಆಕಾಶದ ಕೆಳಗೆ, ಸ್ವಾಮಿ ನಿಂತಿದ್ದ. ಒಂದೇ ಕಲ್ಲು. ಬಳ್ಳಿ ತೊಡೆಗೆ ಸುತ್ತಿದರೂ ಕದಲದವನು. ಸೆಟ್ಟರು ಕತ್ತೆತ್ತಿ ನೋಡಿದರು, ನೋಡುತ್ತಲೇ ಇದ್ದರು. ಅಲ್ಲಿ ಪೂಜೆ ಮಾಡುವ ಇಂದ್ರರು ಬೊಂಡ ಕೆತ್ತಿ ಕೈಗಿಟ್ಟು, "ಎರೆಯಿರಿ" ಎಂದರು.

ಮಗಳ ಕೈಯನ್ನೂ ಬೊಂಡಕ್ಕೆ ಸೇರಿಸಿಕೊಂಡು ಹೇಮರಾಜ ಸೆಟ್ಟರು ಬಗ್ಗಿದರು. ತಿಳಿನೀರು ಸ್ವಾಮಿಯ ಹೆಬ್ಬೆರಳ ಮೇಲೆ ಬಿತ್ತು, ಬೆರಳ ಸಂದಿಗಳಲ್ಲಿ ಇಳಿದು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹರಿಯಿತು. ಕೊನೆಯ ಹನಿ ಬೀಳುವ ತನಕ ಅವರು ಕೈ ತೆಗೆಯಲಿಲ್ಲ.