ಇನ್ನೂ ಎರಡು ದಿನ ನೆನೆಯಬೇಕು

ರಸ್ತೆ ಹಾಕುವ ಮುಂಚೆ ಅದರಡಿಯ ಮಣ್ಣಿನ ಮಾದರಿ ನಾಲ್ಕು ದಿನ ನೀರಿನಲ್ಲಿ ನೆನೆಯಬೇಕು. ಮಳೆ ಹಿಡಿದಾಗ ನೆಲ ಎಷ್ಟು ಮೆತ್ತಗಾಗುತ್ತದೆಂದು ತಿಳಿಯುವುದು ಆಗಲೇ. ಹನ್ನೊಂದು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಮಣ್ಣು ಕುಟ್ಟುತ್ತಿದ್ದ ಅಕ್ಕ ಓದಿದ್ದು ಏಳನೇ ತರಗತಿ. ಇದಂತೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಣ್ಣು ತುಂಬಿದ ಎರಡು ಕಬ್ಬಿಣದ ಅಚ್ಚುಗಳನ್ನು ತೊಟ್ಟಿಯಲ್ಲಿ ಮುಳುಗಿಸಿ, ಒಂದು ದಿನ ರಜೆ ಹಾಕಿ ಬಂದು ನೋಡಿದರೆ, ತೊಟ್ಟಿಯಲ್ಲಿ ಒಂದೇ ಇತ್ತು.

ಇನ್ನೊಂದು ಅಚ್ಚು, ಮಣ್ಣಿನ ಬಲ ಅಳೆಯುವ ಯಂತ್ರದ ಕೆಳಗೆ ಕೂತಿತ್ತು. ಪಕ್ಕದಲ್ಲಿ ಅವಳ ತಮ್ಮ, ಈಗಿನ ಇಂಜಿನಿಯರ್ ಸಾಹೇಬ, ವರದಿ ಗೀಚುತ್ತಿದ್ದ.

"ಬಲ ಎಂಟು ಬಂತು ಕಣೇ ಅಕ್ಕ! ಗಟ್ಟಿ ನೆಲ, ತೆಳ್ಳಗೆ ರಸ್ತೆ ಹಾಕಿದ್ರೆ ಸಾಕು. ಮೇಲಿನೋರಿಗೆ ಫೋನೂ ಮಾಡ್ಬಿಟ್ಟೆ."

"ಎರಡೇ ದಿನಕ್ಕೆ ತೆಗೆದ್ಯಾ?"

"ಮಧ್ಯಾಹ್ನ ಮೀಟಿಂಗ್ ಇದೆ."

"ಮಣ್ಣಿಗೆ ಹೇಳಿದ್ಯಾ, ಮೀಟಿಂಗ್ ಇದೆ ಬೇಗ ನೆನಿ ಅಂತ?"

ಅವನ ಮುಖ ಊದಿತು. ಅವಳು ಅಚ್ಚಿನಿಂದ ಮಣ್ಣಿನ ಮುದ್ದೆ ತೆಗೆದು ಚಾಕುವಿನಿಂದ ಸೀಳಿದಳು. ಹೊರಗೆ ಬೆರಳಗಲ ಜಿಗುಟು. ಒಳಗೆ ಒಣ ಹೆಂಟೆ, ಮುಟ್ಟಿದರೆ ಉದುರುತ್ತಿತ್ತು.

"ಬಾಯಿ ಒದ್ದೆ ಮಾಡ್ಕೊಂಡಿದೆ ಅಷ್ಟೇ. ಹೊಟ್ಟೆಗೆ ನೀರಿಳಿದಿಲ್ಲ."

"ಈಗ ತಪ್ಪು ಅಂದ್ರೆ ನನ್ನ ಮಾನ ಏನಾಗತ್ತೆ?"

"ಲಾರಿ ಹೂತಾಗ ನಿನ್ನ ಮಾನ ಎಲ್ಲರೂ ಇಳಿದು ತಳ್ತಾರೆ ಬಿಡು. ಸಹಿ ನಿಂದು, ನಂದಲ್ಲ."

ಅಷ್ಟು ಹೇಳಿ ಅವಳು ಬಾಣಲಿ ತೊಳೆಯಲು ಹೋದಳು. ಒತ್ತಾಯ ಮಾಡಲಿಲ್ಲ. ಸಾಹೇಬರಿಗೆಲ್ಲ ತುರ್ತು ಇರುತ್ತದೆ. ಕೆಸರಲ್ಲಿ ನಡೆಯುವ ಕಾಲು ಮಾತ್ರ ಯಾವತ್ತೂ ಅವರದ್ದಲ್ಲ. ನಲ್ಲಿಯ ಸದ್ದಿನ ನಡುವೆ ತಮ್ಮನ ದನಿ ಕೇಳಿಸಿತು: "ಇಲ್ಲ ಸರ್... ಎಂಟಲ್ಲ. ಇನ್ನೂ ಎರಡು ದಿನ ಬೇಕು ಸರ್." ಆ ಕಡೆಯ ಬೈಗುಳ ಗೋಡೆ ದಾಟಿ ಬರುವಷ್ಟಿತ್ತು.

ಎರಡು ದಿನ ಅವನು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ನಾಲ್ಕು ದಿನ ತುಂಬಿದ ಬೆಳಗ್ಗೆ ತೊಟ್ಟಿಯಲ್ಲಿ ಉಳಿದಿದ್ದ ಅಚ್ಚನ್ನು ತಾನೇ ಎತ್ತಿ ತಂದು ಯಂತ್ರಕ್ಕಿಟ್ಟ. ಅವಳು ಹಿಡಿಕೆ ತಿರುಗಿಸಿದಳು, ಅವನು ಮುಳ್ಳು ನೋಡಿದ. ಲೆಕ್ಕ ಹಾಕಿ, ಇನ್ನೊಂದು ಸಲ ಹಾಕಿ ನೋಡಿದ.

"ಎಷ್ಟೋ?"

"ಮೂರು." ಹಾಗೇ ಬರೆದು ಸಹಿ ಹಾಕಿದ. "ದಪ್ಪ ರಸ್ತೆನೇ ಬೇಕು, ಖರ್ಚೂ ಜಾಸ್ತಿ. ಈಗ ಮೇಲಿನೋರ ಹತ್ರ ಹೋದ್ರೆ ನನ್ನ ಸಿಗಿದು ಹಾಕ್ತಾರೆ. ನೀನೂ ಬಾರೇ."

"ಬೈಸ್ಕೊಳ್ಳೋಕೂ ಜೊತೆ ಬೇಕಾ?"

"ಹೂಂ."

ಅವಳು ಕೈಯ ಮಣ್ಣು ತೊಳೆದುಕೊಂಡು ಅವನ ಹಿಂದೆ ಹೊರಟಳು.